ವಿಜ್ಞಾನ ಸ್ಪರ್ಧೆಯೂ ವೈಜ್ಞಾನಿಕ ದೃಷ್ಟಿಯೂ



ವಿಮರ್ಶೆ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಗ್ರಂಥವಿಮರ್ಶೆಯೇ ನೆನಪಿಗೆ ಬರುವುದು ಸಹಜ. ಈ ಪುಟಗಳಲ್ಲಿಯೂ ಹೆಚ್ಚಾಗಿ ಅದೇ ನಡೆದುಬಂದಿದೆ. ಆದರೆ ಸಮಾಜವು ತನ್ನ ಮಕ್ಕಳ ಮುಂದೆ ಇಡುವ ಯಾವ ವ್ಯವಸ್ಥೆಯನ್ನೇ ಆಗಲಿ, ಒಂದು ಗ್ರಂಥವನ್ನು ಓದುವಷ್ಟೇ ಎಚ್ಚರದಿಂದ ಓದಿ, ಅದರ ಗುಣದೋಷಗಳನ್ನು ವಿವೇಚಿಸುವುದು ಅವಶ್ಯಕ. ಈ ತಿಂಗಳು ನಾವು ಅಂತಹದೊಂದು ವ್ಯವಸ್ಥೆಯನ್ನು, ಅಂದರೆ ಪ್ರೌಢಶಾಲೆಯ ವಿದ್ಯಾರ್ಥಿಗಳಿಗಾಗಿ ಏರ್ಪಡಿಸುವ ವಿಜ್ಞಾನ ಸ್ಪರ್ಧೆಯನ್ನು, ನಿಮ್ಮ ಅವಗಾಹನೆಗೆ ತರಬಯಸಿದ್ದೇವೆ. ಇದಕ್ಕೆ ಕಾರಣವಾದ ಪ್ರಸಂಗದಲ್ಲಿ ನಾವೂ ತಪ್ಪಿತಸ್ಥರೆಂಬುದನ್ನು ಮೊದಲಿಗೇ ಹೇಳಿಬಿಡುವುದು ಒಳಿತು.

ಈಚಿನ ಒಂದು ವರ್ಷ, ಫೆಬ್ರವರಿ 28ರಂದು, ಕೋಲಾರ ಚಿನ್ನದ ಗಣಿ ಪ್ರದೇಶದ ಉರಿಗಾಂಗೆ ನಮ್ಮನ್ನು ಆಹ್ವಾನಿಸಲಾಗಿತ್ತು. ಸರ್ ಸಿ. ವಿ. ರಾಮನ್ ಅವರು 1928ರ ಆ ದಿನದಂದು ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದರೆಂಬ ಕಾರಣದಿಂದ 1987ರಿಂದೀಚೆಗೆ ಅದನ್ನು ರಾಷ್ಟ್ರೀಯ ವಿಜ್ಞಾನ ದಿನವಾಗಿ ಆಚರಿಸುತ್ತಾರೆಂಬುದು ತಮಗೆ ತಿಳಿದ ವಿಷಯ. ಬಂಗಾರಪೇಟೆಯಲ್ಲಿ ಇಳಿದು, ಮಾರಿಕುಪ್ಪಂಗೆ ಹೋಗುವ ರೈಲನ್ನು ಹಿಡಿದು ಉರಿಗಾಂ ತಲುಪಿದಾಗ ಬೆಳಗಿನ ಒಂಬತ್ತು ಗಂಟೆ. ನಿಲ್ದಾಣದಲ್ಲಿ ನಮ್ಮನ್ನು ಎದುರುಗೊಂಡ ಹಿರಿಯರೊಬ್ಬರು ಹಿಂದೆ ಗಣಿಯಲ್ಲಿ ದುಡಿದವರು. ದಾರಿಯಲ್ಲಿ ಅವರು ಹೇಳಿದ ಮಾತು: "ಸ್ವಾಮಿಗಳೇ, ನಿಮಗೆ ಇಂದು ವಿಜ್ಞಾನದ ಹಬ್ಬ. ನಮಗೆ ಇದು ಗಣಿ ಮುಚ್ಚಿದ ದಿನ." ಅದು ಸತ್ಯವೇ ಸರಿ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಈ ಎರಡು ದಿನಗಳು ಒಂದೇ ಆಗಿರುವುದು ಕೇವಲ ಆಕಸ್ಮಿಕ. ಆದರೂ ಅಂದಿನ ಸಭೆಯಲ್ಲಿ ಒಬ್ಬರಾದರೂ ಅದನ್ನು ಸ್ಮರಿಸಲಿಲ್ಲವೆಂಬುದು ಗಮನಾರ್ಹ.

ಸ್ಪರ್ಧೆಯಲ್ಲಿ ಎರಡು ಭಾಗಗಳಿದ್ದವು. ಒಂದು ಪ್ರಶ್ನೋತ್ತರ, ಇನ್ನೊಂದು ಮಾದರಿಗಳ ಪ್ರದರ್ಶನ. ನಮ್ಮನ್ನು ಬಹುಮಾನ ವಿತರಣೆಗೆಂದು ಕರೆದಿದ್ದವರು, ವಿಶ್ವವಿದ್ಯಾನಿಲಯದಲ್ಲಿ ಓದಿದವರೆಂಬ ಗೌರವದಿಂದ, ಮೂವರು ತೀರ್ಪುಗಾರರಲ್ಲಿ ಒಬ್ಬರನ್ನಾಗಿಯೂ ಕೂರಿಸಿದರು. ನಾವು ಓದಿದ್ದು ತತ್ತ್ವಶಾಸ್ತ್ರ, ಒಪ್ಪಿಕೊಳ್ಳಬಾರದಿತ್ತು. ಒಪ್ಪಿಕೊಂಡೆವು.

ಪ್ರಶ್ನೋತ್ತರ ಚುರುಕಾಗಿ ನಡೆಯಿತು. ಚಿನ್ನದ ರಾಸಾಯನಿಕ ಸಂಕೇತ ಯಾವುದು, ರಾಮನ್ ಅವರಿಗೆ ನೊಬೆಲ್ ಪಾರಿತೋಷಕ ಬಂದ ವರ್ಷ ಯಾವುದು, ಇತ್ಯಾದಿ. ಚಿನ್ನದ ಗಣಿಗಳಲ್ಲಿ ಅತ್ಯಂತ ಆಳವಾದುದು ಯಾವುದೆಂದು ಕೇಳಿದಾಗ ಒಬ್ಬ ಬಾಲಕ ಕ್ಷಣಾರ್ಧದಲ್ಲಿ ಚಾಂಪಿಯನ್ ರೀಫ್ ಎಂದು ಉತ್ತರಿಸಿದ. ಮೂರು ಕಿಲೋಮೀಟರಿಗೂ ಆಳ, ಬಂಡೆಯ ಉಷ್ಣತೆ 60 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಎಂದು ಕೇಳದಿದ್ದುದನ್ನೂ ಸೇರಿಸಿದ. ಸಭೆ ಚಪ್ಪಾಳೆ ತಟ್ಟಿತು. ನಾವು ಕುತೂಹಲದಿಂದ ಕೇಳಿದೆವು: "ಅಷ್ಟು ಬಿಸಿಯ ಆಳದಲ್ಲಿ ಮನುಷ್ಯ ಹೇಗೆ ನಿಂತು ಕೆಲಸ ಮಾಡುತ್ತಿದ್ದ, ಮಗು? ಗಾಳಿ ಹೇಗೆ ಹೋಗುತ್ತಿತ್ತು?" ಬಾಲಕ ಸುಮ್ಮನಾದ. ಅವನ ತಾತ ಅದೇ ಸಭೆಯ ಮೂರನೆಯ ಸಾಲಿನಲ್ಲಿ ಕುಳಿತಿದ್ದರೆಂದೂ, ಅವರು ಅದೇ ಗಣಿಯಲ್ಲಿ ಇಳಿದು ಹತ್ತಿದವರೆಂದೂ ಅನಂತರ ತಿಳಿಯಿತು. ಮೊಮ್ಮಗ ಪುಸ್ತಕವನ್ನು ಕೇಳಿದ್ದ, ತಾತನನ್ನು ಕೇಳಿರಲಿಲ್ಲ. ತಾತನನ್ನು ಕೇಳಿದರೆ ಅಂಕ ಬರುವುದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

ತರ್ಕಶಾಸ್ತ್ರವನ್ನು ಅಭ್ಯಸಿಸಿದ ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಿಗೆ ಪ್ರಮಾಣಗಳ ವಿಚಾರ ನೆನಪಿದ್ದೀತು. ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನೈಯಾಯಿಕರು ಜ್ಞಾನಸಾಧನಗಳನ್ನು ನಾಲ್ಕಾಗಿ ಎಣಿಸಿದರು. ಬಲ್ಲವರ ಮಾತನ್ನು ನಂಬಿ ತಿಳಿಯುವುದು ಶಬ್ದ. ಅದನ್ನು ಹೀಗಳೆಯುವಂತಿಲ್ಲ, ನಮ್ಮ ತಿಳಿವಳಿಕೆಯ ಬಹುಭಾಗ ಅದರಿಂದಲೇ ಬಂದುದು. ಆದರೆ ಆಧುನಿಕ ವಿಜ್ಞಾನವು ತನ್ನ ಹೆಮ್ಮೆಯೆಂದು ಹೇಳಿಕೊಳ್ಳುವುದು ಪ್ರತ್ಯಕ್ಷವನ್ನೂ ಅನುಮಾನವನ್ನೂ. ಹೀಗಿರುವಾಗ ವಿಜ್ಞಾನದ ಹೆಸರಿನ ಪ್ರಶ್ನೋತ್ತರ ಸ್ಪರ್ಧೆಯಲ್ಲಿ ಪರೀಕ್ಷೆಗೆ ಒಳಗಾಗುವುದು ಶಬ್ದಪ್ರಮಾಣವೊಂದೇ ಎಂಬುದು ವಿಚಿತ್ರವಲ್ಲವೇ? ನಮ್ಮ ಹಳೆಯ ಪಾಠಶಾಲೆಗಳಲ್ಲಿ ಕಂಠಪಾಠವೇ ಹೆಚ್ಚು ಎಂದು ಆಕ್ಷೇಪಿಸಿದವರು, ಅದೇ ಕಂಠಪಾಠಕ್ಕೆ ಗಂಟೆ ಗುಂಡಿಗಳನ್ನು ಜೋಡಿಸಿ ವಿಜ್ಞಾನವೆಂದು ಕರೆಯುತ್ತಿದ್ದಾರೆ.

ಇನ್ನು ಮಾದರಿಗಳ ವಿಷಯ. ಪ್ರಥಮ ಬಹುಮಾನ ಪಡೆದುದು ಒಂದು ಜ್ವಾಲಾಮುಖಿ. ಸುಣ್ಣದ ಗಾರೆಯ ಬೆಟ್ಟ, ಅದರ ಬಾಯಲ್ಲಿ ಅಡಿಗೆಸೋಡಾ, ಮೇಲಿಂದ ಕೆಂಪು ಬಣ್ಣ ಬೆರೆಸಿದ ವಿನೆಗರ್. ನೊರೆ ಉಕ್ಕಿ ಇಳಿಯಿತು, ಸುತ್ತಲೂ ಕೆಂಪು ದೀಪಗಳು ಮಿನುಗಿದವು. ವಿವರಣೆ ನೀಡಿದ ವಿದ್ಯಾರ್ಥಿ ತಡವರಿಸದೆ, ಒಳ್ಳೆಯ ಉಚ್ಚಾರಣೆಯಲ್ಲಿ ಒಪ್ಪಿಸಿದ. ಆದರೆ ಅಲ್ಲಿ ನಡೆದುದು ಆಮ್ಲವೂ ಸೋಡಾವೂ ಸೇರಿ ಇಂಗಾಲದ ಡೈ ಆಕ್ಸೈಡ್ ಹೊರಬಂದ ಕ್ರಿಯೆ. ನಿಜವಾದ ಜ್ವಾಲಾಮುಖಿಯಲ್ಲಿರುವುದು ಭೂಗರ್ಭದ ಶಾಖದಲ್ಲಿ ಕರಗಿದ ಶಿಲೆ. ಒಳಗಿನ ಅನಿಲ ಹೊರಗೆ ನುಗ್ಗುವಾಗ ದ್ರವವನ್ನು ತಳ್ಳುತ್ತದೆಂಬ ಒಂದು ಸಾಮ್ಯವನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ಆ ಒಂದು ಸಾಮ್ಯವನ್ನು ಬಾಲಕನೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಇದಕ್ಕಿಂತ ಹೆಚ್ಚಿನ ವಿಪರ್ಯಾಸ ಇನ್ನೊಂದಿದೆ. ಕೋಲಾರದ ಚಿನ್ನ ದೊರೆಯುವ ಶಿಲಾಪಟ್ಟಿಯ ಬಹುಭಾಗ, ಸುಮಾರು 270 ಕೋಟಿ ವರ್ಷಗಳ ಹಿಂದೆ ಉಕ್ಕಿಹರಿದ ಲಾವಾರಸವು ಗಟ್ಟಿಯಾಗಿ, ಅನಂತರ ಒತ್ತಡಕ್ಕೂ ಶಾಖಕ್ಕೂ ಸಿಕ್ಕಿ ರೂಪಾಂತರಗೊಂಡ ಕಪ್ಪು ಶಿಲೆ. ಗಣಿ ಪ್ರದೇಶದ ಪೆದ್ದಪಲ್ಲಿಯ ಬಳಿ ಇರುವ ದಿಂಬಿನಾಕಾರದ ಲಾವಾ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿದೆ. ಲಾವಾರಸವು ನೀರಿನೊಳಗೆ ಉಕ್ಕಿ ತಟ್ಟನೆ ತಣ್ಣಗಾದರೆ ಮಾತ್ರ ಆ ದಿಂಬಿನ ಆಕಾರ ಬರುತ್ತದೆ. ಅಂದರೆ ಇಂದು ಕುಡಿಯುವ ನೀರಿಗೆ ಬವಣೆಪಡುವ ಆ ನೆಲ ಒಂದು ಕಾಲಕ್ಕೆ ನೀರಿನಡಿಯಲ್ಲಿ ಇದ್ದಿತೆಂದು ಆ ಕಲ್ಲನ್ನು ನೋಡಿ ಊಹಿಸಬಹುದು. ಬೆಟ್ಟದಲ್ಲಿ ಹೊಗೆ ಕಂಡು ಬೆಂಕಿಯನ್ನು ಅನುಮಾನಿಸುವ ಹಳೆಯ ದೃಷ್ಟಾಂತಕ್ಕೆ ಇದಕ್ಕಿಂತ ಒಳ್ಳೆಯ ಜೊತೆ ಎಲ್ಲಿ ಸಿಕ್ಕೀತು? ಜ್ವಾಲಾಮುಖಿಯ ಮೇಲೆಯೇ ಮನೆ ಕಟ್ಟಿಕೊಂಡ ಊರಿನ ಮಕ್ಕಳು ಗಾರೆಯ ಬೆಟ್ಟ ಮಾಡಿ ತಂದರು. ನಾವು ಅದಕ್ಕೆ ಪ್ರಥಮ ಬಹುಮಾನ ಕೊಟ್ಟೆವು.

ಈಗ ತಪ್ಪಿನ ಮುಖ್ಯಭಾಗಕ್ಕೆ ಬರುತ್ತೇವೆ. ಸಭಾಂಗಣದ ಕೊನೆಯ ಮೇಜಿನ ಮೇಲೆ ದೀಪವಾಗಲಿ ಬಣ್ಣವಾಗಲಿ ಇರಲಿಲ್ಲ. ಒಂಬತ್ತನೆಯ ತರಗತಿಯ ಒಬ್ಬ ಬಾಲಕಿ ಮೂರು ಸ್ಟೀಲಿನ ತಟ್ಟೆಗಳನ್ನೂ ಒಂದು ನೋಟುಪುಸ್ತಕವನ್ನೂ ಇಟ್ಟುಕೊಂಡು ನಿಂತಿದ್ದಳು. ಗಣಿಯಲ್ಲಿ ಅಗೆದ ಕಲ್ಲನ್ನು ಹಿಟ್ಟಾಗಿ ಅರೆದು, ಸೈನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ ತೆಗೆದುಕೊಂಡ ಮೇಲೆ ಉಳಿದ ಪುಡಿಯನ್ನು ರಾಶಿ ಹಾಕಿದ ದಿಣ್ಣೆಗಳು ಆ ಊರಿನ ಸುತ್ತ ಇರುವುದನ್ನು ಕಂಡವರು ಬಲ್ಲರು. ಒಂದು ಶತಮಾನಕ್ಕೂ ಮಿಕ್ಕಿ ನಡೆದ ಗಣಿಗಾರಿಕೆಯಿಂದ ಹೊರಬಂದ ಚಿನ್ನ ಸುಮಾರು 800 ಟನ್. ಉಳಿದ ಪುಡಿ ಮೂರು ಕೋಟಿ ಟನ್ನಿಗೂ ಹೆಚ್ಚು. ಜನ ಅವನ್ನು ಸೈನೈಡ್ ಗುಡ್ಡಗಳೆನ್ನುತ್ತಾರೆ. ಆಷಾಢದ ಗಾಳಿಗೆ ಅದರ ಧೂಳು ಮನೆಗಳ ಮೇಲೆ ಹಾರಿಬರುತ್ತದೆ.

ಬಾಲಕಿ ತಟ್ಟೆಗಳಿಗೆ ತೆಳುವಾಗಿ ಎಣ್ಣೆ ಸವರಿ, ಒಂದನ್ನು ಗುಡ್ಡದ ಬದಿಯ ತನ್ನ ಮನೆಯ ಮೇಲೆ, ಇನ್ನೊಂದನ್ನು ಶಾಲೆಯ ತಾರಸಿಯ ಮೇಲೆ, ಮೂರನೆಯದನ್ನು ಬಂಗಾರಪೇಟೆಯ ಬಂಧುಗಳ ಮನೆಯ ಮೇಲೆ ಇಟ್ಟಿದ್ದಳು. ವಾರಕ್ಕೊಮ್ಮೆ ಪರಿಚಿತ ಅಕ್ಕಸಾಲಿಗರೊಬ್ಬರ ತಕ್ಕಡಿಯಲ್ಲಿ ತೂಗಿಸಿ ಬರೆದಿದ್ದಳು. ಆರು ವಾರಗಳ ಲೆಕ್ಕ. ಅಂಕಿಗಳು ಒಂದಕ್ಕೊಂದು ಹೊಂದುತ್ತಿರಲಿಲ್ಲ. ಒಂದು ವಾರ ಶಾಲೆಯ ತಟ್ಟೆಯಲ್ಲಿ ಮನೆಯ ತಟ್ಟೆಗಿಂತ ಹೆಚ್ಚು ಧೂಳು. ನಾಲ್ಕನೆಯ ವಾರದ ಮುಂದೆ, "ಮಳೆ ಬಂತು, ತಟ್ಟೆ ತೊಳೆದುಹೋಯಿತು, ಲೆಕ್ಕ ಇಲ್ಲ" ಎಂದು ಬರೆದಿತ್ತು. ಕೊನೆಯಲ್ಲಿ ನಿರ್ಣಯವೆಂಬ ಶೀರ್ಷಿಕೆಯ ಕೆಳಗೆ, "ಗುಡ್ಡದ ಹತ್ತಿರ ಧೂಳು ಹೆಚ್ಚು ಅನ್ನಿಸುತ್ತದೆ, ಆದರೆ ಖಚಿತವಿಲ್ಲ" ಎಂಬ ಒಂದು ಸಾಲು. ಮನೆಮಾತು ತಮಿಳಾದ ಆ ಮಗು ಕನ್ನಡದಲ್ಲಿ ತಡವರಿಸುತ್ತ ವಿವರಿಸಿದಳು.

ನಮ್ಮ ಕೈಗೆ ಕೊಟ್ಟಿದ್ದ ಅಂಕಪಟ್ಟಿಯಲ್ಲಿ ಮಾದರಿಯ ಅಂದಕ್ಕೆ ಇಷ್ಟು, ವಿವರಣೆಯ ಸ್ಪಷ್ಟತೆಗೆ ಇಷ್ಟು, ನಿರ್ಣಯಕ್ಕೆ ಇಷ್ಟು ಎಂದಿತ್ತು. ಅಂದವಿರಲಿಲ್ಲ, ಸ್ಪಷ್ಟತೆಯಿರಲಿಲ್ಲ, ನಿರ್ಣಯವಿರಲಿಲ್ಲ. "ಪ್ರಯತ್ನ ಅಪೂರ್ಣ" ಎಂದು ನಮ್ಮ ಕೈಯಿಂದಲೇ ಬರೆದು ಮುಂದಿನ ಮೇಜಿಗೆ ಹೋದೆವು. ಸಮಾಧಾನದ ಬಹುಮಾನವೂ ಅವಳಿಗೆ ಬರಲಿಲ್ಲ. ಸಮಾರಂಭ ಮುಗಿದು ನಾವು ಹೊರಡುವಾಗ ಬಾಗಿಲ ಬಳಿ ನಮಸ್ಕರಿಸಿ ಒಂದು ಪ್ರಶ್ನೆ ಕೇಳಿದಳು: "ಸ್ವಾಮಿಗಳೇ, ಮಳೆ ಬಂದದ್ದನ್ನು ನಾನು ಬರೆಯದೆ ಇದ್ದಿದ್ದರೆ ಬಹುಮಾನ ಬರುತ್ತಿತ್ತೇ?"

ಆ ಪ್ರಶ್ನೆಯಲ್ಲಿ ಕೊಂಕಿರಲಿಲ್ಲ. ಮುಂದಿನ ವರ್ಷ ಹೇಗೆ ಬರೆಯಬೇಕೆಂದು ತಿಳಿದುಕೊಳ್ಳುವ ಇಚ್ಛೆಯಷ್ಟೇ ಇದ್ದಿತು. ನಮ್ಮಲ್ಲಿ ಉತ್ತರವಿರಲಿಲ್ಲ. ಆಶೀರ್ವದಿಸಿ ಹೊರಟುಬಂದೆವು. ಊರಿಗೆ ಮರಳುವವರೆಗೂ ಅದೇ ಮಾತು ಕಿವಿಯಲ್ಲಿತ್ತು.

ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ಅದೇ ಕೋಲಾರದ ಗಣಿಗಳ ಆಳದಲ್ಲಿ, 1950ರ ದಶಕದಿಂದ ಮುಂದೆ ಸುಮಾರು ನಾಲ್ಕು ದಶಕಗಳ ಕಾಲ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ವಿಶ್ವಕಿರಣಗಳನ್ನು ಕುರಿತು ಪ್ರಯೋಗ ನಡೆಸಿದರು. ಅವರಲ್ಲಿ ಅಗ್ರಗಣ್ಯರಾದ ಬಿ. ವಿ. ಶ್ರೀಕಂಠನ್ ಅವರು ನಮ್ಮ ನಾಡಿನವರೇ. ಆಕಾಶದಿಂದ ಸುರಿಯುವ ಮ್ಯೂಆನ್ ಕಣಗಳು ಆಳಕ್ಕೆ ಇಳಿದಂತೆಲ್ಲ ಕಡಿಮೆಯಾಗುತ್ತವೆ. ಮೇಲಿನ ಬಂಡೆ ಅವುಗಳನ್ನು ತಡೆಯುತ್ತದೆ. ಎಷ್ಟು ಆಳದಲ್ಲಿ ಎಷ್ಟು ಕಣಗಳು ಉಳಿಯುತ್ತವೆಂದು ಅಳೆಯುತ್ತ ಅವರು ಎರಡೂಮುಕ್ಕಾಲು ಕಿಲೋಮೀಟರಿನಷ್ಟು ಆಳಕ್ಕೆ ಉಪಕರಣವನ್ನು ಇಳಿಸಿದಾಗ, ಸುಮಾರು ಎರಡು ತಿಂಗಳು ಕಾದರೂ ಅದರಲ್ಲಿ ಒಂದು ಕಣವೂ ದಾಖಲಾಗಲಿಲ್ಲ. ನಮ್ಮ ಅಂಕಪಟ್ಟಿಯ ಪ್ರಕಾರ ಇದು ಅಪೂರ್ಣ ಪ್ರಯತ್ನ. ಆದರೆ ಅವರು ಆ ಶೂನ್ಯವನ್ನು ಮುಚ್ಚಿಡಲಿಲ್ಲ, ಅದನ್ನು ಓದಿದರು. ಇತರ ಕಣಗಳ ಗದ್ದಲ ಇಷ್ಟು ಅಡಗಿರುವ ಈ ಸ್ಥಳದಲ್ಲಿ, ಇಡೀ ಭೂಮಿಯನ್ನೇ ತೂರಿಹೋಗಬಲ್ಲ ನ್ಯೂಟ್ರಿನೋ ಕಣದ ಅಪರೂಪದ ಸುಳಿವು ಸಿಕ್ಕರೆ ಗುರುತಿಸಬಹುದೆಂದು ನಿರ್ಣಯಿಸಿದರು. ಮೇಲಿನಿಂದ ಬರುವ ಮ್ಯೂಆನ್‌ಗಳು ಹೆಚ್ಚಾಗಿ ನೇರವಾಗಿ ಕೆಳಗಿಳಿಯುತ್ತವಾದ್ದರಿಂದ, ಅಡ್ಡಡ್ಡವಾಗಿ ಬರುವ ಕಣವನ್ನು ಹಿಡಿಯುವಂತೆ ಗೋಡೆಯಾಕಾರದ ಉಪಕರಣಗಳನ್ನು ನಿಲ್ಲಿಸಿದರು. ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಾಮ್ ವಿದ್ವಾಂಸರೂ ಜೊತೆಗೂಡಿದರು. 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಗುರುತು ಅಲ್ಲಿ ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಒಂದು ಚಿನ್ನದ ಗಣಿಯಲ್ಲಿಯೂ ಬೇರೊಂದು ತಂಡ ಅದನ್ನು ಕಂಡಿತು. 1980ರ ದಶಕದಲ್ಲಿ ಪ್ರೋಟಾನ್ ಎಂಬ ಕಣ ಕ್ಷಯಿಸುವುದೇ ಎಂದು ಪರೀಕ್ಷಿಸಲು ಅಲ್ಲಿಯೇ ಬೃಹತ್ ಉಪಕರಣವನ್ನು ಇರಿಸಿದರು. ಕೆಲವು ಸಂದಿಗ್ಧ ಗುರುತುಗಳು ಕಂಡವಾದರೂ ಅನ್ಯ ಪ್ರಯೋಗಗಳಿಂದ ಅವು ದೃಢಪಡಲಿಲ್ಲ. ಅದೂ ಒಂದು ಫಲಿತಾಂಶವೇ. ಜಗತ್ತಿನ ವಿದ್ವಾಂಸರು ಅದನ್ನು ಗೌರವದಿಂದಲೇ ಸ್ವೀಕರಿಸಿದರು.

ಏನೂ ಸಿಗಲಿಲ್ಲವೆಂದು ಪ್ರಾಮಾಣಿಕವಾಗಿ ಬರೆದುಕೊಂಡವರಿಂದಲೇ ಆ ಊರಿನ ನೆಲದಡಿಯಲ್ಲಿ ಅಷ್ಟು ದೊಡ್ಡ ಕೆಲಸ ನಡೆದಿರುವಾಗ, ಅದೇ ನೆಲದ ಮೇಲೆ "ಲೆಕ್ಕ ಇಲ್ಲ" ಎಂದು ಪ್ರಾಮಾಣಿಕವಾಗಿ ಬರೆದ ಮಗುವಿನ ಅಂಕವನ್ನು ನಾವು ಕಳೆದೆವು.

ಇದು ಒಂದು ಊರಿನ ಒಂದು ಸ್ಪರ್ಧೆಯ ದೋಷವೆಂದು ತಳ್ಳಿಹಾಕುವಂತಿಲ್ಲ. ನಮ್ಮ ದೇಶದಲ್ಲಿ ಇಂತಹ ಪ್ರಯತ್ನಗಳಿಗೆ ದೀರ್ಘ ಇತಿಹಾಸವಿದೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನಾ ಮತ್ತು ತರಬೇತಿ ಪರಿಷತ್ತು 1963ರಲ್ಲಿ ವಿಜ್ಞಾನ ಪ್ರತಿಭಾ ಶೋಧವನ್ನೂ 1971ರಿಂದ ಮಕ್ಕಳ ರಾಷ್ಟ್ರೀಯ ವಿಜ್ಞಾನ ಪ್ರದರ್ಶನವನ್ನೂ ಆರಂಭಿಸಿತು. 1993ರಿಂದ ನಡೆದುಬಂದ ಮಕ್ಕಳ ವಿಜ್ಞಾನ ಸಮಾವೇಶದ ಉದ್ದೇಶವಂತೂ ನಿಜಕ್ಕೂ ಶ್ಲಾಘನೀಯ: 10ರಿಂದ 17 ವಯಸ್ಸಿನ ಮಕ್ಕಳು ತಮ್ಮ ಊರಿನದೇ ಒಂದು ಸಮಸ್ಯೆಯನ್ನು ಆಯ್ದು, ಗುಂಪಾಗಿ ಶೋಧಿಸಿ ವರದಿ ಮಂಡಿಸಬೇಕೆಂಬುದು ಅದರ ಆಶಯ. ನಮ್ಮ ರಾಜ್ಯದಲ್ಲಿ 1980ರಲ್ಲಿ ಸ್ಥಾಪಿತವಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಇದಕ್ಕಾಗಿ ಬಹಳ ದುಡಿದಿದೆ. 2004ರಲ್ಲಿ ಜಕಾರ್ತದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಕಿರಿಯರ ವಿಜ್ಞಾನ ಒಲಿಂಪಿಯಾಡ್‌ನಲ್ಲಿಯೂ ಬರವಣಿಗೆಯ ಪರೀಕ್ಷೆಗಳ ಜೊತೆಗೆ, ಮೂವರು ಕೂಡಿ ಮಾಡುವ ಪ್ರಯೋಗ ಪರೀಕ್ಷೆಯೊಂದಿದೆ. ಆದ್ದರಿಂದ ಆಶಯಗಳಿಗೆ ಕೊರತೆಯಿಲ್ಲ. ಆಶಯವು ಶಾಲೆಯ ಸಭಾಂಗಣಕ್ಕೆ ಇಳಿದುಬರುವಾಗ ಅಂಕಪಟ್ಟಿಯಾಗಿ ಬದಲಾಗುತ್ತದೆ. ಅಂಕಪಟ್ಟಿಯು ಕಣ್ಣಿಗೆ ಕಾಣುವುದನ್ನು ಮಾತ್ರ ಎಣಿಸುತ್ತದೆ. ಮಗು ಅಂಕಪಟ್ಟಿಯನ್ನು ನೋಡಿ ವಿಜ್ಞಾನವೆಂದರೆ ಇದೇ ಎಂದು ತಿಳಿಯುತ್ತದೆ.

ಇದಕ್ಕೆ ಉತ್ತರವಾಗಿ ಕೆಲವು ಶಿಕ್ಷಕ ಬಂಧುಗಳು ಹೇಳಬಹುದಾದ ಮಾತನ್ನು ನಾವು ಬಲ್ಲೆವು. ಒಂದು ತರಗತಿಯಲ್ಲಿ ಐವತ್ತು ಅರವತ್ತು ಮಕ್ಕಳು, ಪ್ರಯೋಗಶಾಲೆಯಿಲ್ಲ, ಬಿಡುವಿಲ್ಲ. ಇಂತಹ ಸ್ಪರ್ಧೆಯಾದರೂ ಇಲ್ಲದಿದ್ದರೆ ಬಡ ಮಕ್ಕಳಿಗೆ ವೇದಿಕೆಯೇ ಇಲ್ಲ. ಗಾರೆಯ ಜ್ವಾಲಾಮುಖಿಯಾದರೂ ಆ ಮಗುವಿನ ಕೈಯಿಂದಲೇ ಆಯಿತಲ್ಲವೇ ಎಂದು. ಈ ಮಾತಿನಲ್ಲಿ ತಥ್ಯವಿದೆ. ನಾವು ಸ್ಪರ್ಧೆ ಬೇಡವೆನ್ನುತ್ತಿಲ್ಲ. ಜ್ವಾಲಾಮುಖಿಯನ್ನು ಮಾಡಿದ ಬಾಲಕನ ಶ್ರಮವನ್ನೂ ಹಳಿಯುತ್ತಿಲ್ಲ. ದೊಡ್ಡವರು ಮೆಚ್ಚುವುದನ್ನು ಅವನು ಮಾಡಿದ. ಆದರೆ ನಮ್ಮ ಶಾಸ್ತ್ರಕಾರರು ವಾದ, ಜಲ್ಪ ಎಂದು ಎರಡನ್ನು ಬೇರ್ಪಡಿಸಿದ್ದಾರೆ. ಸತ್ಯವನ್ನು ತಿಳಿಯಲು ನಡೆಸುವುದು ವಾದ. ಗೆಲ್ಲಲು ನಡೆಸುವುದು ಜಲ್ಪ. ಎರಡರಲ್ಲಿಯೂ ಬುದ್ಧಿ ಚುರುಕಾಗುತ್ತದೆ. ಆದರೆ ಜಲ್ಪದಲ್ಲಿ ಪಳಗಿದವನು ತನ್ನ ತಪ್ಪನ್ನು ಮರೆಮಾಚುವುದನ್ನು ಮೊದಲು ಕಲಿಯುತ್ತಾನೆ. ಆ ಬಾಲಕಿ ನಮ್ಮನ್ನು ಕೇಳಿದ ಪ್ರಶ್ನೆ, ಅವಳು ವಾದದಿಂದ ಜಲ್ಪಕ್ಕೆ ಕಾಲಿಡುತ್ತಿದ್ದ ಕ್ಷಣದ ಪ್ರಶ್ನೆ. ಆ ಹೊಸ್ತಿಲಿಗೆ ಅವಳನ್ನು ತಂದು ನಿಲ್ಲಿಸಿದವರು ನಾವು.

ಡಾ. ಎಚ್. ನರಸಿಂಹಯ್ಯನವರ ಹೆಸರು ಇಲ್ಲಿ ನೆನಪಾಗುತ್ತದೆ. ಅವಿಭಜಿತ ಕೋಲಾರ ಜಿಲ್ಲೆಯ ಹೊಸೂರಿನಲ್ಲಿ 1920ರಲ್ಲಿ ಜನಿಸಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿದ ಆ ಶಿಕ್ಷಣವೇತ್ತರಿಗೂ ಮಠಾಧಿಪತಿಗಳಿಗೂ ಹಲವು ವಿಷಯಗಳಲ್ಲಿ ಭಿನ್ನಾಭಿಪ್ರಾಯವಿದ್ದುದನ್ನು ಯಾರೂ ಮರೆತಿಲ್ಲ. ಆದರೆ ಪ್ರಶ್ನಿಸುವುದನ್ನು ಮಕ್ಕಳಿಗೆ ಕಲಿಸಬೇಕೆಂದು ಅವರು ಜೀವಮಾನವಿಡೀ ಹಿಡಿದ ಹಟ ಸರಿಯಾದುದು. ಅವರ ಜಿಲ್ಲೆಯಲ್ಲಿಯೇ ಪ್ರಶ್ನೆಗಿಂತ ಉತ್ತರಕ್ಕೆ, ಉತ್ತರಕ್ಕಿಂತ ಉಚ್ಚಾರಣೆಗೆ ಹೆಚ್ಚು ಅಂಕ ಕೊಟ್ಟ ನಾವು ಇದನ್ನು ಒಪ್ಪಿಕೊಳ್ಳಲೇಬೇಕು.

ಈ ಪತ್ರಿಕೆಯ ವಾಚಕರಲ್ಲಿ ನಮ್ಮ ಪ್ರಸಾದನಿಲಯದಲ್ಲಿ ಓದಿ ಇಂದು ಶಿಕ್ಷಕರು, ಇಂಜಿನಿಯರುಗಳು, ವೈದ್ಯರಾಗಿರುವವರು ಬಹುಸಂಖ್ಯೆಯಲ್ಲಿದ್ದೀರಿ. ನಿಮ್ಮ ನಿಮ್ಮ ಊರುಗಳಲ್ಲಿ ತೀರ್ಪುಗಾರರಾಗಿ ಕುಳಿತುಕೊಳ್ಳುವ ಸಂದರ್ಭ ನಿಮಗೆ ಬಂದೇ ಬರುತ್ತದೆ. ಆಗ ನಾಲ್ಕು ವಿಷಯಗಳನ್ನು ದಯಮಾಡಿ ನೆನಪಿಡಿ. ಮೊದಲನೆಯದಾಗಿ, ಮಾದರಿಯನ್ನು ನೋಡುವ ಮುನ್ನ ಮಗುವಿನ ನೋಟುಪುಸ್ತಕವನ್ನು ಕೇಳಿ. ಏನು ತಪ್ಪಾಯಿತು, ಆಗ ಏನು ಮಾಡಿದೆ ಎಂದು ವಿಚಾರಿಸಿ. ತಪ್ಪನ್ನು ಬರೆದಿಟ್ಟಿದ್ದರೆ ಅದಕ್ಕೆ ಅಂಕ ಕೊಡಿ. ಎರಡನೆಯದಾಗಿ, ತನ್ನ ಊರಿನ ನೆಲ, ನೀರು, ಕಸುಬುಗಳ ಬಗೆಗೆ ಹೊರಟ ಪ್ರಶ್ನೆ ಚಿಕ್ಕದಾದರೂ ಅದನ್ನು ಮುಂದಕ್ಕೆ ತನ್ನಿ. ಮೂರನೆಯದಾಗಿ, ಮಾತಿನ ನಯವನ್ನು ಅಳೆಯಬೇಡಿ; ಗಡಿನಾಡಿನಲ್ಲಿ ಮನೆಮಾತು ತಮಿಳೋ ತೆಲುಗೋ ಉರ್ದುವೋ ಆದ ಮಗು ಕನ್ನಡದಲ್ಲಿ ತಡವರಿಸಿದರೆ ತಾಳ್ಮೆಯಿಂದ ಕೇಳುವುದು ಕನ್ನಡಕ್ಕೂ ಗೌರವವೇ. ನಾಲ್ಕನೆಯದಾಗಿ, ಮುಗಿಯದ ಪ್ರಯೋಗವನ್ನು ಮುಂದಿನ ವರ್ಷ ಅದೇ ವಿದ್ಯಾರ್ಥಿ ಮುಂದುವರಿಸಿ ತರಲು ಅವಕಾಶವಿರುವಂತೆ ನಿಯಮವನ್ನು ತಿದ್ದಿಸಿ. ಇದಕ್ಕೆ ಹಣ ಬೇಡ. ಅಂಕಪಟ್ಟಿಯ ಎರಡು ಸಾಲುಗಳನ್ನು ಬದಲಿಸಿದರೆ ಸಾಕು.

ನಮ್ಮ ಪಾಲಿಗೆ ಉಳಿದದ್ದು ಬಾಲಕಿಯ ಪ್ರಶ್ನೆಗೆ ಉತ್ತರ. ಊರಿಗೆ ಬಂದ ಮೂರನೆಯ ದಿನ ಅವಳ ಮುಖ್ಯೋಪಾಧ್ಯಾಯರ ಮೂಲಕ ಪತ್ರ ಬರೆದೆವು: "ಮಗೂ, ಮಳೆಯ ವಿಷಯ ಬರೆಯದಿದ್ದರೆ ಬಹುಶಃ ನಿನಗೆ ಬಹುಮಾನ ಬರುತ್ತಿತ್ತು. ಅದು ನಮ್ಮ ತಪ್ಪು, ನಿನ್ನದಲ್ಲ. ಮುಂದೆಯೂ ಹಾಗೆಯೇ ಬರೆ." ಪತ್ರದ ಜೊತೆ ಹತ್ತು ಸ್ಟೀಲಿನ ತಟ್ಟೆಗಳನ್ನು ಕಳುಹಿಸಿದೆವು. ಮೂರು ತಟ್ಟೆಗಳಿಂದ ಖಚಿತವಾಗದುದು ಹತ್ತು ತಟ್ಟೆಗಳಿಂದ ಸ್ವಲ್ಪ ಹೆಚ್ಚು ಖಚಿತವಾದೀತೆಂದು ನಮಗೂ ಅಷ್ಟರಲ್ಲಿ ತೋಚಿತ್ತು. ಕೆಲವು ದಿನಗಳ ಮೇಲೆ ಅವಳಿಂದ ಉತ್ತರ ಬಂತು. ವಂದನೆಗಳಾದ ಮೇಲೆ ಒಂದೇ ವಿಷಯ ಬರೆದಿದ್ದಳು: ಹತ್ತೂ ತಟ್ಟೆಗಳ ತೂಕ ಒಂದೇ ಸಮನಾಗಿಲ್ಲವಾದ್ದರಿಂದ, ಎಣ್ಣೆ ಸವರುವ ಮೊದಲು ಪ್ರತಿಯೊಂದನ್ನೂ ಬೇರೆಬೇರೆಯಾಗಿ ತೂಗಿ ಸಂಖ್ಯೆ ಹಾಕಿರುವುದಾಗಿ.

ಬರುವ ಆಷಾಢದಲ್ಲಿ ಅವಳು ಮತ್ತೆ ತಟ್ಟೆಗಳನ್ನು ಇಡುವಳು. ಲೆಕ್ಕ ಏನೇ ಬರಲಿ, ಬಾರದೆಯೇ ಹೋಗಲಿ, ಅದನ್ನು ಇದೇ ಪುಟದಲ್ಲಿ ತಮಗೆ ತಿಳಿಸುತ್ತೇವೆ.